ಎರಡು ಕಾಲಿನ ಬೆಕ್ಕು

ಆ ಶನಿವಾರ ಬೆಳಗಿನಿಂದ ಅರ್ಗಿರೋ ಒಂದು ಬೆಕ್ಕಿನ ಬಾಯಿಯನ್ನು ಮೂರು ಸಲ ಹೊಲಿದು ಮೂರು ಸಲ ಬಿಚ್ಚಿದ್ದಳು. ಕಿವಿ, ಮೀಸೆ, ಬಾಲ ಎಲ್ಲ ಸಲೀಸಾಗಿ ಬಂದಿದ್ದವು. ಬೂದು ದಾರದಲ್ಲಿ ಹೊಟ್ಟೆಯೂ ದುಂಡಗೆ ಕೂತಿತ್ತು. ಬಾಯಲ್ಲಿ ಒಂದು ಮಾಂಸದ ತುಂಡು ಬರಬೇಕಿತ್ತು, ಕೆಂಪು ದಾರದಲ್ಲಿ. ಅಲ್ಲಿಗೆ ಬಂದಾಗಲೆಲ್ಲ ಕೈ ಮುಂದಕ್ಕೆ ಹೋಗುತ್ತಿರಲಿಲ್ಲ. ಎದ್ದು ಕಿಟಕಿಗೆ ಹೋಗುವಳು, ವಾಪಸು ಬರುವಳು, ನೀರು ಕುಡಿಯುವಳು, ತೊಳೆದ ಲೋಟವನ್ನೇ ಮತ್ತೆ ತೊಳೆಯುವಳು, ಕೂತು ಸೂಜಿ ಎತ್ತುವಳು, ಇಡುವಳು.

ಮರುದಿನ ಅನೆಸ್ತಿಸನ ಬೇಕರಿಯ ಕೊನೆಯ ಭಾನುವಾರ. ವೋಲೊಸ್ ಎಂಬ ಬಂದರು ಊರಿನ ನಿರಾಶ್ರಿತರ ಕೇರಿಯಲ್ಲಿ ನಲವತ್ತು ವರ್ಷ ಉರಿದ ಭಟ್ಟಿ ಸೋಮವಾರದಿಂದ ತಣ್ಣಗಾಗುವುದಿತ್ತು. ಎಪ್ಪತ್ತೆರಡು ವರ್ಷದ ಅನೆಸ್ತಿಸನ ಭುಜ ಇನ್ನು ಭಟ್ಟಿಗೆ ಬ್ರೆಡ್ ಇಟ್ಟು ತೆಗೆಯುವ ಆ ಉದ್ದ ಹಿಡಿಯ ಸಲಿಕೆ ಎತ್ತುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಭುಜ ಅದನ್ನು ಎರಡು ವರ್ಷ ಮೊದಲೇ ಹೇಳಿತ್ತು. ಕೇರಿಯವರೆಲ್ಲ ಸೇರಿ ಒಂದು ಉಡುಗೊರೆ ಕೊಡಬೇಕೆಂದು ಮಾತಾಯಿತು. ಏನು ಕೊಡುವುದೆಂದು ಯಾರೂ ಒಂದು ನಿಮಿಷವೂ ತಲೆ ಕೆಡಿಸಿಕೊಳ್ಳಲಿಲ್ಲ. ಒಂದು ಏಪ್ರನ್ನು, ಅದರ ಮೇಲೆ ಬೆಕ್ಕು, ಬೆಕ್ಕಿನ ಬಾಯಲ್ಲಿ ಮಾಂಸ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಕೇರಿಯಲ್ಲಿ ಕಸೂತಿ ಬರುವವಳು ಅರ್ಗಿರೋ ಒಬ್ಬಳೇ. ಅವಳೂ ನಕ್ಕಳು, ಹೂಂ ಎಂದಳು. ಹೂಂ ಅಂದ ಆ ನಾಲಿಗೆಯನ್ನು ಅವಳು ಈ ಐದು ದಿನದಲ್ಲಿ ಎಷ್ಟು ಸಲ ಬೈದುಕೊಂಡಿದ್ದಳೋ ಅವಳಿಗೇ ಗೊತ್ತು.

ಅನೆಸ್ತಿಸನಿಗೆ ಬೆಕ್ಕು ಎಂಬ ಹೆಸರು ಭಾನುವಾರದ ಪರಾತಗಳಿಂದ ಬಂದದ್ದು. ಆ ಕೇರಿಯಲ್ಲಿ ಭಾನುವಾರದ ಅಡುಗೆ ಮನೆಯಲ್ಲಿ ಬೇಯುವುದಿಲ್ಲ. ಮಾಂಸ, ಆಲೂಗಡ್ಡೆ, ನಿಂಬೆರಸ, ಒರೆಗಾನೊ, ಆಲಿವ್ ಎಣ್ಣೆ ಎಲ್ಲವನ್ನೂ ಅಗಲ ಪರಾತದಲ್ಲಿ ಜೋಡಿಸಿ, ಚರ್ಚಿಗೆ ಹೋಗುವ ದಾರಿಯಲ್ಲಿ ಬೇಕರಿಯಲ್ಲಿ ಇಟ್ಟು ಹೋಗುತ್ತಾರೆ. ಬೆಳಗಿನ ಬ್ರೆಡ್ ತೆಗೆದ ಮೇಲೆ ಭಟ್ಟಿಯ ಕಾವು ಇಳಿದಿರುತ್ತದಲ್ಲ, ಆ ಕಾವಿನಲ್ಲಿ ಪರಾತಗಳು ಸಾಲಾಗಿ ಬೇಯುತ್ತವೆ. ಪೂಜೆ ಮುಗಿಸಿ ಬರುವಾಗ ಎತ್ತಿಕೊಂಡು ಮನೆಗೆ. ಈಗ ಎಲ್ಲರ ಮನೆಯಲ್ಲೂ ಕರೆಂಟಿನ ಓವನ್ ಇದೆ. ಅದರಲ್ಲಿ ಬೆಂದದ್ದಕ್ಕೆ ರುಚಿಯಿಲ್ಲ ಎಂದು ಮೂಗು ಮುರಿದು, ಓವನ್ನಿನೊಳಗೆ ಬಾಣಲೆಗಳನ್ನು ತುರುಕಿಟ್ಟು, ಪರಾತ ಹೊತ್ತುಕೊಂಡು ಅನೆಸ್ತಿಸನ ಹತ್ತಿರವೇ ಬರುತ್ತಾರೆ.

ಆದರೆ ಎಂಟು ತುಂಡು ಇಟ್ಟ ಪರಾತದಲ್ಲಿ ಏಳು ಬರುತ್ತವೆ ಎಂಬ ದೂರು ಹಳೆಯದು. ಜಗಳ ತೆಗೆಯುವಷ್ಟು ದೊಡ್ಡ ವಿಷಯವಲ್ಲ, ಸುಮ್ಮನೆ ಬಿಡುವಷ್ಟು ಧಾರಾಳ ಯಾರಿಗೂ ಇಲ್ಲ. ಹಾಗಾಗಿ ಅದು ತಮಾಷೆಯಾಯಿತು. ಬೆಕ್ಕು ಬಾಯಿ ಹಾಕಿತು ಎನ್ನುತ್ತಿದ್ದರು. ಅನೆಸ್ತಿಸನ ಎದುರಿಗೇ ಅನ್ನುತ್ತಿದ್ದರು. ಅವನು ಹುಬ್ಬಿನ ಮೇಲಿನ ಹಿಟ್ಟು ಒರೆಸಿಕೊಂಡು ಮ್ಯಾಂವ್ ಎನ್ನುತ್ತಿದ್ದ, ಬ್ರೆಡ್ಡನ್ನು ಕಾಗದದಲ್ಲಿ ಸುತ್ತಿ ಕೊಡುತ್ತಿದ್ದ. ತುಂಡು ಕಡಿಮೆಯಾಗುವುದು ನಿಂತು ಎಷ್ಟೋ ವರ್ಷವಾಗಿತ್ತು. ಹೆಸರು ಮಾತ್ರ ಅಂಟಿಕೊಂಡಿತ್ತು. ಬೇಕರಿ ಎಲ್ಲಿ ಎಂದು ಕೇಳಿದ ಹೊಸಬರಿಗೂ ಬೆಕ್ಕಿನ ಅಂಗಡಿ ಎಂದೇ ದಾರಿ ತೋರಿಸುತ್ತಿದ್ದರು.

ಆ ಕಡಿಮೆ ಬಿದ್ದ ತುಂಡು ಎಲ್ಲಿಗೆ ಹೋಗುತ್ತಿತ್ತು ಎಂದು ಅರ್ಗಿರೋಗೆ ಗೊತ್ತಿತ್ತು. ಅವಳ ಹೊಟ್ಟೆಗೆ ಹೋಗುತ್ತಿತ್ತು.

ಆಗ ಅವಳಿಗೆ ಒಂಬತ್ತು ವರ್ಷ, ತಮ್ಮ ಮಿನಾಸನಿಗೆ ಆರು. ದೊಡ್ಡ ಭೂಕಂಪವಾದ ಮರುವರ್ಷ, ಐವತ್ತಾರನೇ ಇಸವಿ. ಅಪ್ಪ ತಂಬಾಕಿನ ಕೆಲಸದಲ್ಲಿ ಎದೆ ಕೆಡಿಸಿಕೊಂಡು ಬೆಟ್ಟದ ಮೇಲಿನ ಕ್ಷಯದ ಆಸ್ಪತ್ರೆ ಸೇರಿದ್ದ. ಅಮ್ಮ ಸೆವಸ್ತಿ ಕಂಡವರ ಬಟ್ಟೆ ಒಗೆಯುತ್ತಿದ್ದಳು. ಅದೂ ಬಂದರಿನ ಆಚೆ ಕಡೆ, ತಮ್ಮ ಕೇರಿಯವರ ಕಣ್ಣಿಗೆ ಬೀಳದ ಹಾಗೆ. ಅವಳಿಗೆ ಹಸಿವು ದೊಡ್ಡದಲ್ಲ, ಹಸಿದಿದ್ದೇವೆಂದು ಇನ್ನೊಬ್ಬರಿಗೆ ತಿಳಿಯುವುದು ದೊಡ್ಡದು. ಅಂಥ ಹೆಂಗಸು.

ಒಂದು ಶನಿವಾರ ಅನೆಸ್ತಿಸ್ ಅರ್ಗಿರೋಳನ್ನು ಕರೆದು, ಆಗಷ್ಟೇ ತೆಗೆದ ಬ್ರೆಡ್ ಒಂದನ್ನು ಸುಮ್ಮನೆ ಕೈಗೆ ಕೊಟ್ಟಿದ್ದ. ಸುಡುವ ಬ್ರೆಡ್ಡನ್ನು ಅವಳು ಎದೆಗೆ ಅವಚಿಕೊಂಡು ಓಡಿದ್ದಳು. ಫ್ರಾಕಿನೊಳಗೆ ಬಿಸಿ ಇಳಿದು ಎದೆ ಕೆಂಪಾಗಿತ್ತು, ಆದರೂ ಕೈ ಸಡಿಲಿಸಲಿಲ್ಲ. ಮೂಲೆ ತಿರುಗುವಷ್ಟರಲ್ಲಿ ಒಂದು ತುದಿ ಮಾಯ, ಬಾಗಿಲು ಮುಟ್ಟುವಷ್ಟರಲ್ಲಿ ಇನ್ನೊಂದು ತುದಿಯೂ ಮಾಯ. ಕಚ್ಚಿದರೆ ಕರಕರ ಎನ್ನುವ ಹೊರಗು, ಹಬೆಯಾಡುವ ಒಳಗು, ನಾಲಿಗೆಯ ಅಂಚಿಗೆ ತಾಗುವ ಆ ಸಣ್ಣ ಹುಳಿ! ಈ ನಲವತ್ತೇಳರ ವಯಸ್ಸಿನಲ್ಲೂ ಬೇಕರಿಯ ಮುಂದೆ ಹಾದರೆ ಅವಳ ಕೈ ತಾನಾಗಿ ಎದೆಗೆ ಹೋಗುತ್ತದೆ. ಅಮ್ಮ ಆ ದಿನ ತುದಿ ಕಚ್ಚಿದ ಆ ಬ್ರೆಡ್ಡನ್ನೇ ಬಟ್ಟೆಯಲ್ಲಿ ಸುತ್ತಿ ವಾಪಸು ತೆಗೆದುಕೊಂಡು ಹೋಗಿ, ನಮ್ಮ ಮನೆಯಲ್ಲಿ ಬ್ರೆಡ್ ಇದೆ ಎಂದು ಹೇಳಿ ಕಟ್ಟೆಯ ಮೇಲೆ ಇಟ್ಟು ಬಂದಿದ್ದಳು. ಅನೆಸ್ತಿಸ್ ಮತ್ತೆಂದೂ ಏನನ್ನೂ ಕೈಗೆ ಕೊಡಲಿಲ್ಲ.

ಭಾನುವಾರ ಪರಾತ ಕಳಿಸದಿದ್ದರೆ, ನಮ್ಮ ಮನೆಯಲ್ಲಿ ಏನೂ ಇಲ್ಲ ಎಂದು ಬಾಗಿಲಿಗೆ ಬೋರ್ಡು ಹಾಕಿದ ಹಾಗೆ. ಹಾಗಾಗಿ ಸೆವಸ್ತಿ ಬರೀ ಆಲೂಗಡ್ಡೆ ಜೋಡಿಸಿ, ಮೇಲೆ ಬಟ್ಟೆ ಮುಚ್ಚಿ, ಕೆಳಗೆ ಬಿಗಿಯಾಗಿ ಗಂಟು ಹಾಕಿ ಕಳಿಸುತ್ತಿದ್ದಳು. ಇಡೀ ಕೇರಿಯಲ್ಲಿ ಆ ಗಂಟು ಬಿಚ್ಚುವವನು ಒಬ್ಬನೇ. ಯಾರ ಪರಾತದಲ್ಲಿ ಏನಿದೆ ಎಂಬುದನ್ನು ಪಾದ್ರಿಯಿಂದ ಬಚ್ಚಿಡಬಹುದು, ಭಟ್ಟಿಯವನಿಂದ ಬಚ್ಚಿಡಲಾಗುವುದಿಲ್ಲ.

ಒಂದು ಭಾನುವಾರ ಗಂಟು ಹಾಗೇ ಇತ್ತು. ಅಮ್ಮ ಚಮಚ ಹಾಕಿದಾಗ ಆಲೂಗಡ್ಡೆಯ ಅಡಿಯಿಂದ ಕುರಿಮಾಂಸದ ಒಂದು ದಪ್ಪ ತುಂಡು ಮೇಲೆ ಬಂತು. ಅಮ್ಮ ಚಮಚ ಕೆಳಗಿಟ್ಟಳು.  ಆಮೇಲೆ, ಅಪ್ಪ ಕಳಿಸಿದ್ದಾರೆ, ತಿನ್ನಿ ಎಂದಳು. ಪರಾತ ಜೋಡಿಸುವಾಗ ಅರ್ಗಿರೋ ಪಕ್ಕದಲ್ಲೇ ನಿಂತಿದ್ದಳು, ಎಣ್ಣೆ ಸುರಿದದ್ದು ಅವಳೇ.  ತುಂಡನ್ನು ಮಕ್ಕಳಿಬ್ಬರೂ ಹಂಚಿಕೊಂಡು ತಿಂದರು, ಅಮ್ಮ ಆಲೂಗಡ್ಡೆ ತಿಂದಳು. ಮುಂದಿನ ವಾರ ಕೋಳಿಯ ಕಾಲು, ಅದರ ಮುಂದಿನ ವಾರ ಮತ್ತೆ ಕುರಿ. ಅಪ್ಪ ಹದಿನಾಲ್ಕು ತಿಂಗಳು ಆಸ್ಪತ್ರೆಯಲ್ಲಿದ್ದ, ಹದಿನಾಲ್ಕು ತಿಂಗಳೂ ಹೀಗೇ ಕಳಿಸಿದ. ಅಷ್ಟೂ ದಿನ ಅಮ್ಮ ಒಂದು ಚೂರನ್ನೂ ಬಾಯಿಗೆ ಹಾಕಿಕೊಳ್ಳಲಿಲ್ಲ.

ಇಷ್ಟೇ ಆಗಿದ್ದರೆ ಅರ್ಗಿರೋ ಆ ಬೆಕ್ಕಿನ ಬಾಯಿಗೆ ಮಾಂಸ ಹೊಲಿದು ಸುಮ್ಮನಾಗುತ್ತಿದ್ದಳೇನೋ. ಚುಚ್ಚುತ್ತಿದ್ದದ್ದು ಬೇರೆ. ಮರದ ವ್ಯಾಪಾರಿಯ ಹೆಂಡತಿ ಉರಾನಿಯಾ, ಬಾಯಿ ಬಿಟ್ಟರೆ ಮೂರು ಬೀದಿಗೆ ಕೇಳಬೇಕು, ಒಂದು ಭಾನುವಾರ ಬೇಕರಿಯ ಮುಂದೆಯೇ ಪರಾತ ತೆರೆದು ತುಂಡುಗಳನ್ನು ಒಂದು, ಎರಡು ಎಂದು ಎಣಿಸಿದಳು. ಏಳಿತ್ತು. ಎಂಟಿಟ್ಟಿದ್ದೆ, ಒಂದು ಎಲ್ಲಿಗೆ ಹೋಯಿತು ಎಂದು ಸುತ್ತ ನಿಂತ ಹೆಂಗಸರ ಮುಖವನ್ನೆಲ್ಲ ನೋಡಿದಳು. ಅವಳ ಕಣ್ಣು ಸೆವಸ್ತಿಯ ಗಂಟು ಕಟ್ಟಿದ ಪರಾತದ ಮೇಲೆ ಬಂದು ನಿಂತಿತು. ಪರಾತ ಅರ್ಗಿರೋಳ ಕೈಯಲ್ಲಿತ್ತು, ಬಟ್ಟೆಯ ಮೂಲಕ ಕೈ ಸುಡುತ್ತಿತ್ತು. ಆಗ ಅಮ್ಮ, ಎಲ್ಲರಿಗಿಂತ ಗಟ್ಟಿಯಾಗಿ ನಕ್ಕು, ಹೇಳಿದಳು: “ಎರಡು ಕಾಲಿನ ಬೆಕ್ಕು ತಿಂದಿರ್ಬೇಕು ಬಿಡೇ. ನೋಡು, ದಿನಾ ಭಟ್ಟಿ ಮುಂದೆ ಬೆವರಿಳಿಸಿದ್ರೂ ಅವನ ಹೊಟ್ಟೆ ಕರಗಿಲ್ಲ.” ಹೆಂಗಸರೆಲ್ಲ ನಕ್ಕರು. ಒಳಗೆ ಅನೆಸ್ತಿಸ್ ಭಟ್ಟಿಯ ಬಾಯಿಗೆ ಬಗ್ಗಿ ನಿಂತಿದ್ದ. ಮುಂದಿನ ಭಾನುವಾರವೂ ಆಲೂಗಡ್ಡೆಯ ಅಡಿಯಲ್ಲಿ ತುಂಡು ಇತ್ತು.

ಆ ಉರಾನಿಯಾ ಈಗ ಹನ್ನೊಂದು ಗಂಟೆಗೆ ಬಾಗಿಲು ತಳ್ಳಿಕೊಂಡು ಬಂದಳು. ಎಪ್ಪತ್ತು ದಾಟಿದೆ, ಕೂದಲಿಗೆ ಬಣ್ಣ ಹಾಕಿದ್ದಾಳೆ, ಗಂಟಲು ಅದೇ ಹಳೆಯದು. ಬೆಕ್ಕನ್ನು ನೋಡಲು ಬಂದಿದ್ದಳು. ಏಪ್ರನ್ನನ್ನು ಬೆಳಕಿಗೆ ಹಿಡಿದು, ಹೊಟ್ಟೆ ಥೇಟ್ ಅವನದೇ ಎಂದು ಮೆಚ್ಚಿಕೊಂಡಳು. ಆಮೇಲೆ ಹುಬ್ಬು ಗಂಟಿಕ್ಕಿದಳು.

“ಬಾಯಿ ಯಾಕೆ ಖಾಲಿ? ಮಾಂಸ ಎಲ್ಲೇ ಹುಡುಗಿ?”

“ಕೆಂಪು ದಾರ ಮುಗಿದಿದೆ, ಅತ್ತೆ.”

ಉರಾನಿಯಾ ಹೊಲಿಗೆ ಮಿಷನ್ನಿನ ಮೇಲಿದ್ದ ಕೆಂಪು ದಾರದ ಉಂಡೆಯನ್ನು ಎತ್ತಿ ಅವಳ ಮೂಗಿನ ಮುಂದೆ ಹಿಡಿದಳು. “ಮತ್ತೆ ಇದೇನು, ಬದನೇಕಾಯಾ?”

ಮೂಲೆಯ ಕುರ್ಚಿಯಲ್ಲಿ ಬೀನ್ಸಿನ ನಾರು ತೆಗೆಯುತ್ತಿದ್ದ ಸೆವಸ್ತಿ ನಕ್ಕಳು. ಎಪ್ಪತ್ತನಾಲ್ಕು ವರ್ಷದ ಸೆವಸ್ತಿ. ಗಂಡ ಸತ್ತು ಹನ್ನೆರಡು ವರ್ಷ, ಅಳಿಯ ಹಡಗಿನ ಕೆಲಸದಲ್ಲಿ ದೇಶ ಸುತ್ತುತ್ತಾನೆ, ತಾಯಿ ಮಗಳು ಇಬ್ಬರೇ ಮನೆಯಲ್ಲಿ. ಆ ನಗು ಅರ್ಗಿರೋಳ ಮೈಗೆ ಇರುವೆ ಬಿಟ್ಟ ಹಾಗಾಯಿತು. ಸಂಜೆಯೊಳಗೆ ಮುಗಿಸುತ್ತೇನೆ ಎಂದು ಹೇಗೋ ಉರಾನಿಯಾಳನ್ನು ಸಾಗಹಾಕಿ, ಮತ್ತೆ ಕಿಟಕಿಗೆ ಹೋದಳು, ಬಂದಳು, ಕತ್ತರಿ ಹುಡುಕಿದಳು. ಕತ್ತರಿ ಕೈಯಲ್ಲೇ ಇತ್ತು.

“ಏನೇ ಅದು, ಕಾಲು ಸುಟ್ಟ ಬೆಕ್ಕಿನ ಹಾಗೆ ಓಡಾಡ್ತೀಯ?” ಎಂದಳು ಸೆವಸ್ತಿ. “ಒಂದ್ಕಡೆ ಕೂತ್ಕೋಬಾರ್ದಾ?”

 ಬೆಕ್ಕು ಎಂಬ ಮಾತು ಬಿದ್ದದ್ದೇ ಅವಳ ಕೈಯ ಬೀನ್ಸ್ ಅಲ್ಲೇ ನಿಂತಿತು. ಮೂವತ್ತೆಂಟು ವರ್ಷ ಆ ಮನೆಯಲ್ಲಿ ಯಾರೂ ಎತ್ತದಿದ್ದ ಮಾತನ್ನು ಅರ್ಗಿರೋ ಎತ್ತಿದಳು. ಹಾಗೆಂದು ಅವಳು ನಿರ್ಧರಿಸಿಕೊಂಡಿರಲಿಲ್ಲ, ಬಾಯಿ ತಾನಾಗಿ ಆಡಿತು.

“ಅಮ್ಮ, ಆ ಹೆಸರು ಇಟ್ಟಿದ್ದು ನೀನು.”

“ಯಾವ ಹೆಸರು?”

“ಆ ತುಂಡು ನಾವು ತಿಂದಿದ್ದು. ಅವರು ತಿಂದಿಲ್ಲ.”

“ನಿಮ್ಮಪ್ಪ ಕಳಿಸ್ತಿದ್ರು.”

“ಆಸ್ಪತ್ರೆಯಿಂದಾ? ರಕ್ತ ಕಾರೋ ಮನುಷ್ಯ ಕೋಳಿ ಕಾಲು ಕಳಿಸ್ತಿದ್ರಾ?”

ಸೆವಸ್ತಿ ಬೀನ್ಸಿನ ಪಾತ್ರೆಯನ್ನು ಮಡಿಲಿನಿಂದ ಇಳಿಸಿದಳು.  ನಾಳೆ ಎಲ್ಲರ ಮುಂದೆ ತಾನು ಹೇಳುತ್ತೇನೆ, ಆ ಮನುಷ್ಯ ಈ ಕೆಟ್ಟ ಹೆಸರನ್ನು ಎದೆಗೆ ಕಟ್ಟಿಕೊಂಡು ಅಂಗಡಿ ಮುಚ್ಚುವುದು ಬೇಡ ಎಂದಳು ಅರ್ಗಿರೋ. 

“ಹೇಳು,” ಎಂದಳು ಸೆವಸ್ತಿ. “ನಾನು ಸತ್ತ ಮೇಲೆ ಹೇಳು. ಅಲ್ಲೀವರ್ಗೂ ನಾನು ಈ ಬೀದೀಲಿ ನಡೀಬೇಕು.”

ಅಷ್ಟು ಹೇಳಿ, ತಲೆಗೆ ಕಪ್ಪು ಬಟ್ಟೆ ಬಿಗಿದುಕೊಂಡು ಹೊರಟೇಹೋದಳು. ಮಂಡಿ ನೋವೆಂದು ಎರಡು ತಿಂಗಳಿಂದ ಚರ್ಚಿನ ಹೊರತು ಎಲ್ಲಿಗೂ ಹೋಗದ ಹೆಂಗಸು. ಅರ್ಗಿರೋ ಬಾಗಿಲಲ್ಲಿ ನಿಂತು ನೋಡಿದಳು. ಹಿಂದೆ ಹೋಗಬೇಕೆನಿಸಿತು, ಹೋದರೆ ಇನ್ನೂ ಸಿಟ್ಟಾಗುತ್ತಾಳೆ ಎನಿಸಿತು. ಒಂದು ಗಂಟೆ ಅವಳು ಪಟ್ಟ ಪಾಡು ಹೇಳತೀರದು. ಕೊನೆಗೆ ಸೆವಸ್ತಿ ಕಟುಕನ ಅಂಗಡಿಯ ದೊಡ್ಡ ಕಾಗದದ ಪೊಟ್ಟಣ ಹೊತ್ತುಕೊಂಡು ಬಂದಳು. ಇಬ್ಬರಿಗೆ ಇಷ್ಟು ಮಾಂಸ ಯಾಕೆ ಎಂದು ಅರ್ಗಿರೋ ಕೇಳಿದ್ದಕ್ಕೆ, ಕೊನೆಯ ದಿನ ಅಲ್ಲವಾ ಎಂದಳು ಅಷ್ಟೆ. ಅಡುಗೆಮನೆಯ ಬಾಗಿಲು ಹಾಕಿಕೊಂಡು ಒಳಗೆ ತಾನೇ ಕೊಯ್ದಳು. ಸಂಜೆ ಉರಾನಿಯಾ ಏಪ್ರನ್ನಿಗೆ ಹೇಳಿಕಳಿಸಿದಾಗ, ಅರ್ಗಿರೋ ಅದನ್ನು ಇಸ್ತ್ರಿ ಮಾಡಿ ಮಡಚಿಟ್ಟಾಗಿದೆ, ನಾಳೆ ತಾನೇ ತರುತ್ತೇನೆ ಎಂದಳು. ಬೆಕ್ಕಿನ ಬಾಯಿ ಖಾಲಿಯೇ ಇತ್ತು.

ಬೆಳಗ್ಗೆ ಎದ್ದಾಗ ಪರಾತ ಮೇಜಿನ ಮೇಲೆ ಸಿದ್ಧವಾಗಿತ್ತು. ಬಟ್ಟೆ ಮುಚ್ಚಿತ್ತು. ಕೆಳಗೆ ಬಿಗಿಯಾದ ಗಂಟು.  ಎಷ್ಟೋ ವರ್ಷದಿಂದ ಅವರು ಪರಾತವನ್ನು ತೆರೆದೇ ಒಯ್ಯುತ್ತಿದ್ದರು. ನೀನು ಚರ್ಚಿಗೆ ಹೋಗು, ಇದನ್ನು ನಾನೇ ಇಟ್ಟು ಬರುತ್ತೇನೆ ಎಂದು ಸೆವಸ್ತಿ ಅದನ್ನು ಸೊಂಟಕ್ಕೆ ಒತ್ತಿಕೊಂಡು ಹೊರಟಳು. ಮಗಳು ಕೈ ಚಾಚಿದರೆ ಕಣ್ಣಲ್ಲೇ ಗದರಿದಳು.

ಚರ್ಚಿನಲ್ಲಿ ಅರ್ಗಿರೋಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಮೇಣದ ಬತ್ತಿ ಹಚ್ಚಿದಳು, ಅದು ವಾಲಿತು, ಮತ್ತೆ ನೆಟ್ಟಳು. ಪಾದ್ರಿ ಹಾಡುತ್ತಲೇ ಇದ್ದರು. ಹೇಳುವುದೋ ಬಿಡುವುದೋ? ಹೇಳಿದರೆ ಅಮ್ಮ ನಾಳೆಯಿಂದ ಈ ಬೀದಿಯಲ್ಲಿ ತಲೆ ಎತ್ತುವುದಿಲ್ಲ, ಬಿಟ್ಟರೆ ಅನೆಸ್ತಿಸ್ ಮಾಮ ಆ ಬೆಕ್ಕನ್ನು ಕಟ್ಟಿಕೊಂಡು ಮ್ಯಾಂವ್ ಎನ್ನುತ್ತಾನೆ. ಎರಡನ್ನೂ ನೋಡುವ ಶಕ್ತಿ ಅವಳಿಗಿರಲಿಲ್ಲ. ಕಂಕುಳಲ್ಲಿದ್ದ ಏಪ್ರನ್ನಿನ ಚೀಲ ಬೆವರಿಗೆ ಒದ್ದೆಯಾಗಿತ್ತು. ಹಿಂದೆ ತಿರುಗಿ ನೋಡಿದಳು. ಅಮ್ಮ ಯಾವಾಗಲೂ ಕೂರುವ ಜಾಗ ಖಾಲಿಯಿತ್ತು. ಎಡಗಡೆ ನೋಡಿದಳು, ಕಂಬದ ಹಿಂದೆ ನೋಡಿದಳು, ಎಲ್ಲೂ ಇಲ್ಲ. ಪೂಜೆ ಅರ್ಧಕ್ಕೆ ಬಿಟ್ಟು ಹೊರಗೆ ಬಂದವಳು ಹೆಚ್ಚುಕಡಿಮೆ ಓಡಿದಳು.

ಸೆವಸ್ತಿ ಬೇಕರಿಯ ಒಳಕೋಣೆಯಲ್ಲಿದ್ದಳು. ಭಟ್ಟಿಯ ಪಕ್ಕದ ಕಲ್ಲಿನ ಕಟ್ಟೆಯ ಮೇಲೆ ಹದಿನೈದು ಪರಾತಗಳು ಒಳಗೆ ಹೋಗಲು ಕಾದಿದ್ದವು, ಅವುಗಳ ಮಗ್ಗುಲಲ್ಲಿ ಬೆಂಚಿನ ಮೇಲೆ ಅವಳು. ಅನೆಸ್ತಿಸ್ ಮುಂದಿನ ಅಂಗಡಿಯಲ್ಲಿ ಕೊನೆಯ ಬ್ರೆಡ್ಡುಗಳನ್ನು ಕೊಡುವುದರಲ್ಲಿ ಮುಳುಗಿದ್ದ. ಆ ದಿನ ಪಕ್ಕದ ಕೇರಿಗಳವರೂ ಬಂದು ಸಾಲು ನಿಂತಿದ್ದರು. ಇಲ್ಲಿ ಯಾಕೆ ಕೂತಿದ್ದೀ ಎಂದು ಅರ್ಗಿರೋ ಏದುಸಿರು ಬಿಡುತ್ತ ಕೇಳಿದಳು. ಬಿಸ್ಲಿಗಿಂತ ಭಟ್ಟಿ ಕಾವು ಮಂಡಿಗೆ ಹಿತ ಎಂದಳು ಸೆವಸ್ತಿ. ಅವಳ ಕೈಯಲ್ಲಿ ಕರವಸ್ತ್ರದಲ್ಲಿ ಸುತ್ತಿದ ಏನೋ ಇತ್ತು, ಒಂದು ಫೋರ್ಕಿನ ಹಿಡಿ ಹೊರಗೆ ಇಣುಕುತ್ತಿತ್ತು. ಅರ್ಗಿರೋ ಅದನ್ನು ನೋಡಿದಳು, ಆದರೆ ಅವಳ ತಲೆಯಲ್ಲಿ ಬೇರೆಯದೇ ಕುದಿಯುತ್ತಿತ್ತು.

ಪೂಜೆ ಬಿಟ್ಟಿತು. ಇಡೀ ಕೇರಿ ಬೇಕರಿಯ ಮುಂದಿನ ಬೀದಿಗೆ ಬಂದು ತುಂಬಿತು. ಉದ್ದ ಮೇಜು ಹಾಕಿದ್ದರು, ವೈನು ಬಂದಿತ್ತು, ಕೊನೆಯ ಬ್ರೆಡ್ಡುಗಳನ್ನು ಬುಟ್ಟಿಯಲ್ಲಿ ಇಟ್ಟಿದ್ದರು. ಆ ದಿನ ಯಾರೂ ಪರಾತವನ್ನು ಮನೆಗೆ ಒಯ್ಯುವುದಿಲ್ಲ, ಎಲ್ಲರೂ ಅಲ್ಲೇ ಊಟ ಎಂದು ಮಾತಾಗಿತ್ತು. ಪರಾತಗಳು ಬೆಂದ ಮೇಲೆ ಅನೆಸ್ತಿಸ್ ನೋವಿನ ಭುಜವನ್ನು ಎಳೆದುಕೊಂಡು ಒಂದೊಂದೇ ಪರಾತವನ್ನು ಸಲಿಕೆಯ ಮೇಲೆ ಹೊರಗೆ ತಂದ. ಕೊಡು ಎಂದವರಿಗೆ ಸಲಿಕೆ ಕೊಡಲಿಲ್ಲ.

ಎಲ್ಲರೂ ಕೂಗಿ ಕರೆದರು, ಉರಾನಿಯಾ ಎಣಿಸಬೇಕಂತೆ. ಅವಳಿಗೂ ಅದೇ ಬೇಕಾಗಿತ್ತು. ಚಮಚದಿಂದ ತನ್ನ ಪರಾತವನ್ನು ಕೆದಕಿ, ಹಳೆಯ ದಿನಗಳ ಹಾಗೆ ಗಂಟಲೆತ್ತಿ ಎಣಿಸಿದಳು. ಎಂಟು. ಎಂಟಿಟ್ಟಿದ್ದೆ, ಎಂಟೇ ಇದೆ, ಬೆಕ್ಕಿಗೆ ವಯಸ್ಸಾಯಿತು ಎಂದಳು. ನಗು ಎದ್ದಿತು. ಆ ನಗುವಿನ ನಡುವೆ, ರಿಟೈರಾದ ಪೋಸ್ಟ್‌ಮ್ಯಾನ್ ತನ್ನ ಪರಾತದ ಮೇಲೆ ಬಗ್ಗಿ ನಿಂತಿದ್ದ. ಅವನ ಮನೆಯದು ಅಕ್ಕಿ ತುಂಬಿದ ಟೊಮೇಟೊ, ಮಾಂಸವೇ ಇಲ್ಲ. ಟೊಮೇಟೊಗಳ ನಡುವೆ ಕುರಿಮಾಂಸದ ಒಂದು ತುಂಡು ಕೂತಿತ್ತು. ಪಕ್ಕದವಳು ತನ್ನ ಕೋಳಿಯ ಕೆಳಗಿನಿಂದ ಇನ್ನೊಂದು ಕುರಿಯ ತುಂಡು ಎತ್ತಿದಳು. ಒಬ್ಬೊಬ್ಬರೂ ಕೆದಕಿದರು, ಎಲ್ಲರದರಲ್ಲೂ ಒಂದೊಂದು ಹೆಚ್ಚು.

“ನಂಗೆ ಮಾತ್ರ ಯಾಕಿಲ್ಲ?” ಎಂದಳು ಉರಾನಿಯಾ. ಅವಳು ಅದಕ್ಕೂ ದೂರುವವಳೇ.

ಎಲ್ಲರೂ ಅನೆಸ್ತಿಸನನ್ನು ನೋಡಿದರು. ಅವನು ತಬ್ಬಿಬ್ಬಾಗಿ, ತಾನು ಯಾರಿಗೂ ಏನೂ ಹಾಕಿಲ್ಲ ಎಂದು ಕೈ ಆಡಿಸಿದ. ಬೆಕ್ಕು ಕದ್ದದ್ದನ್ನೆಲ್ಲ ವಾಪಸು ಕೊಡುತ್ತಿದೆ ಎಂದು ಯಾರೋ ಅಂದರು, ಉಡುಗೊರೆ ತೆಗಿ ಎಂದು ಇನ್ಯಾರೋ ಅರ್ಗಿರೋಳನ್ನು ಮುಂದಕ್ಕೆ ತಳ್ಳಿದರು. ಅವಳು ಏಪ್ರನ್ನನ್ನು ಚೀಲದಿಂದ ಎಳೆದಳು. ಈಗ ಹೇಳಬೇಕು, ಈಗಲೇ ಹೇಳಬೇಕು ಎಂದುಕೊಂಡು ಬಾಯಿ ತೆರೆದಳು. 

“ಅದನ್ನ ಇಲ್ಲಿ ಕೊಡು,” ಎಂದಳು ಸೆವಸ್ತಿ.

ಅವಳು ಬೇಕರಿಯ ಮೆಟ್ಟಿಲ ಮೇಲೆ ನಿಂತಿದ್ದಳು. ಮಗಳ ಕೈಯಿಂದ ಏಪ್ರನ್ ತೆಗೆದುಕೊಂಡು, ಬಿಡಿಸಿ, ಬೆಕ್ಕನ್ನು ಒಂದು ಸಲ ನೋಡಿದಳು. ಆಮೇಲೆ ಅದನ್ನು ತನ್ನದೇ ಕಪ್ಪು ಉಡುಪಿನ ಮೇಲೆ ಹಾಕಿಕೊಂಡು, ಹಿಂದೆ ಕೈ ಮಾಡಿ ಗಂಟು ಬಿಗಿಯತೊಡಗಿದಳು. ಬೆರಳು ಸರಿಯಾಗಿ ಆಡಲಿಲ್ಲ. ಅರ್ಗಿರೋ ಹೋಗಿ ಕಟ್ಟಿದಳು. 

“ಇದು ನಂದು,” ಎಂದಳು ಸೆವಸ್ತಿ. “ಆ ತುಂಡುಗಳನ್ನ ಹಾಕಿದ್ದು ನಾನು. ನಿಂಗೂ ಹಾಕಿದೀನಿ ಉರಾನಿಯಾ, ಸರಿಯಾಗಿ ನೋಡ್ಕೋ. ಭೂಕಂಪ ಆದ ಮಾರನೇ ವರ್ಷ ನಿಮ್ಮ ಪರಾತದಲ್ಲಿ ಕಡಿಮೆ ಬಿದ್ದಿದ್ದು ನಮ್ಮ ಮನೆಗೆ ಬರ್ತಿತ್ತು. ನನ್ನ ಪರಾತದಲ್ಲಿ ಬರೀ ಆಲೂಗಡ್ಡೆ ಇರ್ತಿತ್ತು. ಈ ಮನುಷ್ಯ ತನ್ನ ಬಾಯಿಗೆ ಒಂದು ಚೂರೂ ಹಾಕ್ಕೊಂಡಿಲ್ಲ. ನನ್ನ ಮಕ್ಕಳ ಬಾಯಿಗೆ ಹಾಕ್ದ. ಅದು ಗೊತ್ತಿದ್ದೂ ಇವನಿಗೆ ಬೆಕ್ಕು ಅಂತ ಹೆಸರಿಟ್ಟೋಳು ನಾನು. ಬೆಕ್ಕು ನಾನೇ.”

ಯಾರೂ ನಗಲಿಲ್ಲ. ಪೋಸ್ಟ್‌ಮ್ಯಾನ್ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ, ಯಾಕೆಂದು ಅವನಿಗೂ ಗೊತ್ತಿರಲಿಲ್ಲ. ಅರ್ಗಿರೋಗೆ ಅಳು ಉಕ್ಕಿ ಬಂತು. ಅಮ್ಮ ನೀನು ಒಂದು ತುಂಡನ್ನೂ ತಿಂದಿಲ್ಲವಲ್ಲ ಎಂದು ಕೂಗಿ ಹೇಳಬೇಕೆನಿಸಿತು. ಅಮ್ಮನ ಬಗ್ಗೆ ಇಷ್ಟು ವರ್ಷ ಇಟ್ಟುಕೊಂಡಿದ್ದ ಸಿಟ್ಟು ಎಲ್ಲಿ ಹೋಯಿತೋ, ಹುಡುಕಿದರೂ ಸಿಗಲಿಲ್ಲ.

ಉರಾನಿಯಾ ಅನೆಸ್ತಿಸನ ಕಡೆ ತಿರುಗಿದಳು. ಅವಳ ದನಿ ಮೊದಲ ಸಲ ಸಣ್ಣಗಾಗಿತ್ತು. ಆ ಹೆಸರು ಯಾರು ಇಟ್ಟದ್ದೆಂದು ನಿನಗೆ ಗೊತ್ತಿತ್ತಾ ಎಂದು ಕೇಳಿದಳು.

“ಭಟ್ಟಿ ಬಾಯಲ್ಲಿ ತಲೆ ಇಟ್ಟಿದ್ದೆ ಅಷ್ಟೆ,” ಎಂದ ಅನೆಸ್ತಿಸ್. “ಕಿವಿ ಹೊರಗೇ ಇತ್ತು.”

ಸೆವಸ್ತಿ ಅವನ ಮುಖ ನೋಡಲಿಲ್ಲ. ಮೆಟ್ಟಿಲಿಳಿದು ಬಂದು, ಮೇಜಿನ ತುದಿಯಲ್ಲಿದ್ದ ತನ್ನ ಪರಾತದ ಗಂಟು ಬಿಚ್ಚಿದಳು. ಬೆಂದ ಮೇಲೆ ಅನೆಸ್ತಿಸ್ ಅದನ್ನು ಮೊದಲಿನ ಹಾಗೆಯೇ ಕಟ್ಟಿದ್ದ. ಎಲ್ಲ ಹಂಚಿ ಖಾಲಿ ಮಾಡಿದ್ದೇನೆ, ಇವತ್ತು ನನ್ನ ಪಾಲಿಗೆ ಆಗಿನ ಹಾಗೆ ಬರೀ ಆಲೂಗಡ್ಡೆ, ನೀವೇ ನೋಡಿ ಎನ್ನುತ್ತ ಚಮಚವನ್ನು ಒಳಗೆ ಹಾಕಿ ಮಗುಚಿದಳು.

ಆಲೂಗಡ್ಡೆಯ ಅಡಿಯಿಂದ ಒಂದು ದಪ್ಪ ಮಾಂಸದ ತುಂಡು ಮೇಲೆ ಬಂತು.

ಸೆವಸ್ತಿ ಚಮಚ ಹಿಡಿದುಕೊಂಡೇ ನಿಂತಳು. ಉರಾನಿಯಾ ಬಗ್ಗಿ ನೋಡಿ, ಇದು ತನ್ನ ಪರಾತದ ಒಂಬತ್ತನೆಯದು ಎಂದು ತಟ್ಟನೆ ಗುರುತು ಹಿಡಿದಳು. ಅನೆಸ್ತಿಸ್ ತಪ್ಪು ಮಾಡಿದವನಂತೆ ಏಪ್ರನ್ ಇಲ್ಲದ ಹೊಟ್ಟೆಗೆ ಕೈ ಒರೆಸಿಕೊಂಡ.

“ಒಳಗಿಡೋವಾಗ ಗಂಟು ಬಿಚ್ಚಿದೆ,” ಎಂದ. “ಬರೀ ಆಲೂಗಡ್ಡೆ ಕಂಡ್ರೆ ನನ್ನ ಕೈ ಕೇಳಲ್ಲ, ಸೆವಸ್ತಿ. ನಾನೇನು ಮಾಡ್ಲಿ?”

ಸೆವಸ್ತಿ ಬೆಂಚಿನ ಮೇಲೆ ಕೂತಳು. ಸುತ್ತ ಅರವತ್ತು ಜನ ನೋಡುತ್ತಿದ್ದರು. ಅವಳು ಜೀವಮಾನವಿಡೀ ಹೆದರಿದ್ದ ಕಣ್ಣುಗಳೇ ಅವು. ತುಂಡನ್ನು ಎರಡು ಮಾಡಲಿಲ್ಲ, ಮಗಳ ಕಡೆಗೂ ತಳ್ಳಲಿಲ್ಲ. ಅರ್ಗಿರೋ ಬುಟ್ಟಿಯಿಂದ ಒಂದು ಬ್ರೆಡ್ ತೆಗೆದು, ಅದರ ತುದಿ ಮುರಿದು ಅಮ್ಮನ ಕೈಗೆ ಕೊಟ್ಟಳು. ಸೆವಸ್ತಿ ಅದನ್ನು ಪರಾತದ ರಸದಲ್ಲಿ ಅದ್ದಿ, ಮಾಂಸದ ಜೊತೆ ಬಾಯಿಗಿಟ್ಟುಕೊಂಡು, ನಿಧಾನವಾಗಿ ಅಗಿಯುತ್ತ ಪೂರ್ತಿ ತಿಂದಳು.